ಭಾರ ಯಾವ ಕಾಲಿನ ಮೇಲಿದೆ?

ದೆಹಲಿಯ ಚಳಿಗಾಲ ಮನುಷ್ಯನ ಮೈಯನ್ನು ಬಚ್ಚಿಡುತ್ತದೆ. ಡಿಸೆಂಬರ್ ಬಂತೆಂದರೆ ಕೊರಳಿಲ್ಲದ, ಸೊಂಟವಿಲ್ಲದ ದೊಡ್ಡ ದೊಡ್ಡ ಬಟ್ಟೆಗಂಟುಗಳು ಮಂಜಿನಲ್ಲಿ ಓಡಾಡತೊಡಗುತ್ತವೆ. ಗಂಟಿನ ಮೇಲೊಂದು ಮಂಕಿ ಟೋಪಿ, ಕೆಳಗೆ ಎರಡು ಬೂಟು. ಮನುಷ್ಯಾಕೃತಿಯನ್ನು ಬರೆಯಲು ಕಲಿಯಬೇಕೆಂದು ಹೊರಟವರಿಗೆ ಇದಕ್ಕಿಂತ ಜಿಪುಣ ಊರು ಇನ್ನೊಂದಿರಲಾರದು ಎಂದು ಮೊದಲ ವರ್ಷ ನನಗನ್ನಿಸಿತ್ತು. ನಾನು ಉಡುಪಿ ಕಡೆಯವಳು. ನಮ್ಮಲ್ಲಿ ವರ್ಷದುದ್ದಕ್ಕೂ ಮೈ ಕಣ್ಣೆದುರಿಗೇ ಇರುತ್ತದೆ: ತೆಂಗಿನಮರ ಹತ್ತುವವರ ಮೀನಖಂಡ, ಬಲೆ ಎಳೆಯುವವರ ಬೆನ್ನು, ಯಕ್ಷಗಾನದ ಚೌಕಿಯಲ್ಲಿ ಬರಿಮೈಯಲ್ಲಿ ಕುಳಿತು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವ ವೇಷಧಾರಿಗಳ ಹೆಗಲು. ಊರಿನಲ್ಲಿ ಕಳೆದ ಇಪ್ಪತ್ತನಾಲ್ಕು ವರ್ಷಗಳಲ್ಲಿ ನಾನು ಒಮ್ಮೆಯೂ ಚಿತ್ರಕ್ಕೆಂದು ಪೆನ್ಸಿಲ್ ಹಿಡಿದವಳಲ್ಲ. ಹಿಡಿದದ್ದು ಇಲ್ಲಿ, ನೋಯ್ಡಾದ ಎಂಟನೆಯ ಮಹಡಿಯ ಮನೆಯಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ.

ಜಿಪುಣ ಊರು ಎಂಬ ಮಾತನ್ನು ಎರಡನೆಯ ಚಳಿಗಾಲದ ಹೊತ್ತಿಗೆ ನಾನು ಹಿಂದೆಗೆದುಕೊಂಡೆ. ಬಟ್ಟೆ ಸುಮ್ಮನೆ ಮುಚ್ಚುವುದಿಲ್ಲ, ಒಳಗಿನದನ್ನು ಹೇಳಿಬಿಡುತ್ತದೆ. ಶಾಲು ಎಲ್ಲೋ ಒಂದು ಕಡೆ ನೇತುಹಾಕಿಕೊಂಡಿರಲೇಬೇಕು. ಆ ಜಾಗ ಹೆಗಲಿನ ತುದಿ. ನೆರಿಗೆಗಳೆಲ್ಲ ಅಲ್ಲಿಂದ ಹೊರಟು ಇನ್ನೊಂದು ಆಧಾರದ ಕಡೆಗೆ, ಮಡಚಿದ ಮೊಣಕೈಗೋ ಮುಂದಿಟ್ಟ ಮಂಡಿಗೋ, ಹರಿಯುತ್ತವೆ. ನೆರಿಗೆ ಎಲ್ಲಿ ಬಿಗಿದಿದೆಯೋ ಅಲ್ಲಿ ಎಲುಬು, ಎಲ್ಲಿ ಸಡಿಲವಾಗಿ ಜೋಲುತ್ತದೆಯೋ ಅಲ್ಲಿ ಬರಿಗಾಳಿ. ಜನಪಥದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಗಾಂಧಾರದ ಬುದ್ಧನನ್ನೂ ಮಥುರೆಯ ಬುದ್ಧನನ್ನೂ ಒಂದೇ ಬೆಳಿಗ್ಗೆ ನೋಡಿದವರಿಗೆ ಇದು ಅರ್ಥವಾದೀತು. ಗಾಂಧಾರದವನ ಸಂಘಾಟಿ ದಪ್ಪ, ಉಣ್ಣೆಯದೇ ಇರಬೇಕೆನ್ನಿಸುವಂಥದ್ದು. ಮಡಿಕೆಗಳ ಆಳದಿಂದಲೇ ಒಳಗಿನ ಮಂಡಿಯನ್ನು ಊಹಿಸಿಕೊಳ್ಳಬೇಕು. ಮಥುರೆಯವನ ಬಟ್ಟೆ ನೀರಿನಂತೆ ಮೈಗೆ ಅಂಟಿಕೊಂಡಿದೆ. ಒಬ್ಬ ದೆಹಲಿಯ ಜನವರಿಯವನು, ಇನ್ನೊಬ್ಬ ಜೂನಿನವನು.

ದಕ್ಷಿಣ ದೆಹಲಿಯ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ತರಗತಿಗೆ ನಾನು ಸೇರಿದ್ದು ಆರು ವರ್ಷದ ಹಿಂದೆ. ಹದಿನೈದು ಜನ, ಹದಿನೈದು ಹಲಗೆ, ನಡುವೆ ಒಂದು ಮರದ ಕಟ್ಟೆ. ಕಟ್ಟೆಯ ಮೇಲೆ ನಿಲ್ಲಲು ಕೂಲಿ ಕೊಟ್ಟು ಕರೆದ ಒಬ್ಬರು. ಮೊದಲ ಅರ್ಧ ಗಂಟೆ ಮೂವತ್ತು ಸೆಕೆಂಡಿನ ಭಂಗಿಗಳು, ಆಮೇಲೆ ಎರಡು ನಿಮಿಷದವು, ಕೊನೆಗೆ ಇಪ್ಪತ್ತು ನಿಮಿಷದ ಒಂದು. ಮೂವತ್ತು ಸೆಕೆಂಡಿನಲ್ಲಿ ಕಣ್ಣು ಮೂಗು ಬರೆಯಲಾಗದು, ಬೆರಳುಗಳನ್ನಂತೂ ಕನಸಿನಲ್ಲೂ ಎಣಿಸಲಾಗದು. ತಲೆಯಿಂದ ಹಿಮ್ಮಡಿಯವರೆಗೆ ಒಂದು ಗೆರೆ ಎಳೆಯುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಕಲಿಸುವವರು ಎಪ್ಪತ್ತು ದಾಟಿದ ಹಿರಿಯರು. ಹೆಚ್ಚು ಮಾತಿಲ್ಲ. ಬೆನ್ನ ಹಿಂದೆ ಬಂದು ನಿಂತು, ಚಿತ್ರವನ್ನು ನೋಡಿ, ಪ್ರತಿಸಲವೂ ಕೇಳುವುದು ಒಂದೇ ಪ್ರಶ್ನೆ: "ವಜನ್ ಕಹಾಂ ಹೈ?" ತೂಕ ಎಲ್ಲಿದೆ? ಉತ್ತರ ಹೇಳಲು ಬಂದರೆ ಮುಂದಿನ ಹಲಗೆಗೆ ಹೋಗುತ್ತಾರೆ. ಬಾರದಿದ್ದರೂ ಹೋಗುತ್ತಾರೆ.

ಆ ಪ್ರಶ್ನೆಯನ್ನು ನಾನು ಬಹಳ ಕಾಲ ಅಳತೆಯ ಪ್ರಶ್ನೆಯೆಂದೇ ತಿಳಿದಿದ್ದೆ. ಲೆಕ್ಕಪತ್ರದ ಇಲಾಖೆಯಲ್ಲಿ ದುಡಿದವಳಿಗೆ ಅಂಕಿಗಳ ಮೇಲೆ ಸಹಜವಾದ ನಂಬಿಕೆ. ಅಮೆರಿಕದ ಆಂಡ್ರ್ಯೂ ಲೂಮಿಸ್ 1943ರಲ್ಲಿ ಪ್ರಕಟಿಸಿದ ಆಕೃತಿಚಿತ್ರಣದ ಪುಸ್ತಕ ಇವತ್ತಿಗೂ ಕಲಿಯುವವರ ಕೈಯಲ್ಲಿದೆ. ಅದರ ಆದರ್ಶ ಪುರುಷ ಎಂಟು ತಲೆಗಳಷ್ಟು ಎತ್ತರ. ನಿಜ ಜೀವನದಲ್ಲಿ ಏಳೂವರೆ ಸಿಕ್ಕಿದರೆ ಹೆಚ್ಚು. ಚಾಚಿದ ಎರಡು ತೋಳುಗಳ ಅಗಲ ಹೆಚ್ಚುಕಡಿಮೆ ನಿಂತ ಎತ್ತರದಷ್ಟೇ, ಕಣ್ಣುಗಳಿರುವುದು ತಲೆಯ ಸರಿಮಧ್ಯದಲ್ಲಿ, ಇಳಿಬಿಟ್ಟ ಕೈಯ ಮೊಣಕೈ ನಡುವಿನ ಮಟ್ಟಕ್ಕೆ ಬರುತ್ತದೆ. ಇವೆಲ್ಲ ಮನೆಯ ಕನ್ನಡಿಯ ಮುಂದೆ ನಿಂತು ಯಾರು ಬೇಕಾದರೂ ಪರೀಕ್ಷಿಸಿಕೊಳ್ಳಬಹುದಾದ ಸಂಗತಿಗಳು. ಅಪ್ಪ ತೀರಿಕೊಂಡ ಮೇಲೆ ನಮ್ಮೊಂದಿಗೇ ಇರುವ ಅಮ್ಮನನ್ನು ಗೋಡೆಗೆ ತಾಗಿಸಿ ನಿಲ್ಲಿಸಿ ಅಳೆದೆ. ಆರೂಮುಕ್ಕಾಲು ತಲೆ. ವಯಸ್ಸಾದಂತೆ ಬೆನ್ನುಮೂಳೆ ಕುಗ್ಗುತ್ತದೆ, ತಲೆ ಕುಗ್ಗುವುದಿಲ್ಲ. ಮಗುವಿನ ಮತ್ತು ಮುದುಕರ ಪ್ರಮಾಣ ಹೀಗೆ ಒಂದರ ಹತ್ತಿರಕ್ಕೆ ಇನ್ನೊಂದು ಬರುತ್ತದೆ.

ನಮ್ಮ ಶಿಲ್ಪಶಾಸ್ತ್ರಗಳೂ ಅಳೆಯುತ್ತವೆ, ಆದರೆ ತಲೆಯನ್ನಲ್ಲ, ಮುಖವನ್ನು: ಕೂದಲಿನ ಅಂಚಿನಿಂದ ಗಲ್ಲದವರೆಗೆ. ಅದು ಒಂದು ತಾಲ, ಹನ್ನೆರಡು ಅಂಗುಲ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಪುರುಷರನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ಅವರಲ್ಲಿ ಎತ್ತರದವನಾದ ಹಂಸನಿಗೆ 108 ಅಂಗುಲ, ಅಂದರೆ ಒಂಬತ್ತು ತಾಲ, ಕುಳ್ಳನಾದ ಶಶಕನಿಗೆ 90. ಒಂದು ಸಂಗತಿಯನ್ನು ಗಮನಿಸಬೇಕು. ಈ ಅಂಗುಲ ಅಂಗಡಿಯ ಅಳತೆಕೋಲಿನದಲ್ಲ, ಆಯಾ ಮನುಷ್ಯನದೇ ಅಂಗುಲ. ಪ್ರತಿಯೊಬ್ಬನೂ ತನ್ನ ಅಳತೆಕೋಲನ್ನು ತಾನೇ ಹೊತ್ತು ತಿರುಗುತ್ತಾನೆ.

ಇಷ್ಟೇ ಸೊಗಸಾದ ಇನ್ನೊಂದು ಪುಟ್ಟ ಪುಸ್ತಕವಿದೆ. ಭಾರತೀಯ ಕಲೆಯಲ್ಲಿನ ಅಂಗರಚನೆಯ ಬಗ್ಗೆ ಅವನೀಂದ್ರನಾಥ ಠಾಕೂರರು ಬರೆದದ್ದು, 1914ರಲ್ಲಿ ಇಂಗ್ಲಿಷಿನಲ್ಲಿ ಬಂತು. ಅವರು ಸ್ನಾಯುಗಳ ಹೆಸರು ಹೇಳುವುದಿಲ್ಲ, ಹೋಲಿಕೆ ಹೇಳುತ್ತಾರೆ. ತೋಳಿಗೆ ಆನೆಯ ಸೊಂಡಿಲು, ತೊಡೆಗೆ ಬಾಳೆಯ ದಿಂಡು, ಮುಂಡಕ್ಕೆ ಹಸುವಿನ ಮುಖ, ಮಂಡಿಗೆ ಏಡಿಯ ಚಿಪ್ಪು, ಮಂಡಿಯ ಕೆಳಗಿನ ಕಾಲಿಗೆ ಮೊಟ್ಟೆ ತುಂಬಿದ ಮೀನು. ಇದನ್ನು ಓದಿದ ದಿನ ನನಗೆ ನಗು ಬಂತು. ಕನ್ನಡಿಗರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ನಮ್ಮ ಮಾತಿನಲ್ಲೇ ಇದೆ. ಮಂಡಿಯದು ಚಿಪ್ಪು, ಕಾಲಿನದು ಮೀನಖಂಡ. ಮೀನು ತಿನ್ನದವರೂ ಹಾಗೇ ಹೇಳುತ್ತಾರೆ. ಮೀನಖಂಡವನ್ನು ಬರೆಯುವಾಗ ಈಗ ನಾನು ವೈದ್ಯಕೀಯ ಪುಸ್ತಕ ತೆರೆಯುವುದಿಲ್ಲ. ಮೇಲೆ ದಪ್ಪ, ಕೆಳಗೆ ಬಾಲದಂತೆ ಸಣ್ಣಗಾಗುತ್ತ ಹಿಮ್ಮಡಿಯ ನರಕ್ಕೆ ಸೇರುವುದು, ಒಳಮಗ್ಗುಲಿನ ಉಬ್ಬು ಹೊರಮಗ್ಗುಲಿನದಕ್ಕಿಂತ ಸ್ವಲ್ಪ ಕೆಳಗೆ. ಮೀನು ಕೊಂಚ ಓರೆಯಾಗಿ ಈಜುತ್ತಿದೆ ಎಂದುಕೊಂಡರೆ ಸಾಕು.

ಇಷ್ಟಾದರೂ ನನ್ನ ಆಕೃತಿಗಳು ಬಟ್ಟೆಯಂಗಡಿಯ ಗೊಂಬೆಗಳಂತೆಯೇ ಉಳಿದಿದ್ದವು. ಅಳತೆ ಸರಿ, ಅಂಗ ಸರಿ, ಆದರೆ ನೆಲದ ಮೇಲೆ ನಿಂತಿರಲಿಲ್ಲ. ಆ ಕೊರತೆ ಏನೆಂದು ತಿಳಿಸಿದವಳು ಹತ್ತೂವರೆ ಸೆಂಟಿಮೀಟರ್ ಎತ್ತರದ ಒಬ್ಬ ಹುಡುಗಿ.

1926ರಲ್ಲಿ ಮೊಹೆಂಜೊದಾರೊದಲ್ಲಿ ಸಿಕ್ಕಿದ ಕಂಚಿನ 'ನರ್ತಕಿ'ಯನ್ನು ಶಾಲೆಯ ಪಠ್ಯಪುಸ್ತಕದಲ್ಲಿ ಎಲ್ಲರೂ ನೋಡಿದ್ದೇವೆ. ಎದುರಿಗೆ ಹೋಗಿ ನಿಂತಾಗ ಮೊದಲು ಆಶ್ಚರ್ಯಪಡಿಸುವುದು ಅವಳ ಗಾತ್ರ. ಅಂಗೈಯಲ್ಲಿ ಕುಳಿತುಬಿಡುವಷ್ಟು ಚಿಕ್ಕವಳು. ಲೂಮಿಸನ ಲೆಕ್ಕದಲ್ಲೂ ಚಿತ್ರಸೂತ್ರದ ಲೆಕ್ಕದಲ್ಲೂ ಅವಳು ನಪಾಸು. ತೋಳುಗಳು ಅತಿ ಉದ್ದ, ಕಾಲುಗಳು ಕಡ್ಡಿ. ಎಡತೋಳಿನ ತುಂಬ ಬಳೆ, ಬಲತೋಳಿಗೆ ನಾಲ್ಕೇ. ಬಲಗೈ ಸೊಂಟದ ಮೇಲೆ, ಎಡಗೈ ತೊಡೆಯ ಮೇಲೆ. ಎಡಮಂಡಿ ಒಂದಿಷ್ಟು ಮುಂದೆ ಬಂದಿದೆ. ತಲೆ ಹಿಂದಕ್ಕೆ ವಾಲಿದೆ, ಯಾರಿಗೂ ಕ್ಯಾರೇ ಅನ್ನದ ವಾಲು. ಪಾದಗಳು ಮುರಿದುಹೋಗಿವೆ. ಪಾದಗಳೇ ಇಲ್ಲದ ಅವಳು ಯಾವ ಕಾಲಿನ ಮೇಲೆ ನಿಂತಿದ್ದಾಳೆಂದು ಕೇಳಿದರೆ ಮಗು ಕೂಡ ಹೇಳುತ್ತದೆ: ಬಲಗಾಲು. ಭಾರ ಹೊತ್ತ ಕಡೆಯ ಸೊಂಟ ಮೇಲೇರುತ್ತದೆ, ಅದನ್ನು ಸರಿತೂಗಿಸಲು ಅದೇ ಕಡೆಯ ಹೆಗಲು ಇಳಿಯುತ್ತದೆ, ಬೆನ್ನುಮೂಳೆ ನಡುವೆ ಬಳುಕಿಕೊಂಡು ಇಬ್ಬರ ಜಗಳವನ್ನು ಬಗೆಹರಿಸುತ್ತದೆ. ಕೊರಳ ಗುಳಿಯಿಂದ ಒಂದು ತೂಗುದಾರ ಇಳಿಬಿಟ್ಟರೆ ಅದು ಭಾರ ಹೊತ್ತ ಕಾಲಿನ ಹರಡಿನ ಒಳಮಗ್ಗುಲಿಗೆ ಬಂದು ಮುಟ್ಟುತ್ತದೆ. ನಮ್ಮವರು ಇದರಲ್ಲೇ ಆಭಂಗ, ತ್ರಿಭಂಗ, ಅತಿಭಂಗ ಎಂದು ಹಂತಗಳನ್ನು ಗುರುತಿಸಿದರು. ಹೆಸರುಗಳು ಬರುವುದಕ್ಕೆ ಬಹಳ ಹಿಂದೆಯೇ ಸಿಂಧೂ ಬಯಲಿನ ಒಬ್ಬ ಎರಕದವನಿಗೆ ಇದು ತಿಳಿದಿತ್ತು. ಉಳಿದದ್ದೆಲ್ಲವನ್ನೂ ಅವನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ.

ಅದೇ ಕಟ್ಟಡದಲ್ಲಿ ನಮ್ಮ ಐಹೊಳೆಯಿಂದ ಬಂದ ಹಾರುವ ಗಂಧರ್ವ ದಂಪತಿಗಳಿದ್ದಾರೆ, 7ನೇ ಶತಮಾನದವರು. ಊರಿನವರೆಂಬ ಅಭಿಮಾನದಿಂದ ಪ್ರತಿಸಲ ಹೋದಾಗಲೂ ಅವರನ್ನು ಮಾತನಾಡಿಸದೆ ಬರುವುದಿಲ್ಲ. ಇವರಿಗೆ ರೆಕ್ಕೆಯಿಲ್ಲ. ಹಾರುತ್ತಿದ್ದಾರೆಂದು ತಿಳಿಯುವುದು ಮಡಚಿ ಹಿಂದಕ್ಕೆ ಸರಿದ ಕಾಲುಗಳಿಂದ. ಭಾರ ಯಾವ ಕಾಲಿನ ಮೇಲೂ ಇಲ್ಲ. ಮನುಷ್ಯನ ಮೈಯಿಂದ ತೂಕವನ್ನು ಕಳೆದರೆ ದೇವತೆಯಾಗುತ್ತಾನೆ ಎಂಬ ಲೆಕ್ಕವನ್ನು ಚಾಲುಕ್ಯರ ಶಿಲ್ಪಿ ಉಳಿಯಲ್ಲೇ ಮಾಡಿ ತೋರಿಸಿದ್ದಾನೆ. ತೂಕ ಎಲ್ಲಿದೆ ಎಂಬ ನಮ್ಮ ಗುರುಗಳ ಪ್ರಶ್ನೆಗೆ ಎಲ್ಲೂ ಇಲ್ಲ ಎಂಬುದೂ ಒಂದು ಉತ್ತರವಾಗಬಹುದೆಂದು ನನಗೆ ಹೊಳೆದದ್ದು ಅಲ್ಲಿ.

ವಾರದ ಉಳಿದ ದಿನಗಳ ಶಾಲೆ ಮೆಟ್ರೊ. ನೀಲಿ ಮಾರ್ಗದಲ್ಲಿ ಹೋಗಿಬರಲು ನನಗೆ ದಿನಕ್ಕೆ ಎರಡು ಗಂಟೆ ಹಿಡಿಯುತ್ತದೆ. ಹೆಂಗಸರಿಗೆಂದು ಮೀಸಲಿಟ್ಟ ಮೊದಲ ಬೋಗಿಯಲ್ಲಿ ಅಂಗೈಯಗಲದ ಪುಸ್ತಕ ಇಟ್ಟುಕೊಂಡು ಬರೆಯುತ್ತೇನೆ. ಎರಡು ನಿಲ್ದಾಣಗಳ ನಡುವೆ ಸುಮಾರು ಎರಡು ನಿಮಿಷ, ತರಗತಿಯ ಎರಡನೆಯ ಸುತ್ತಿನಷ್ಟೇ. ನೆಲದ ಮೇಲೆ ಕೂರಬೇಡಿ ಎಂದು ಧ್ವನಿವರ್ಧಕ ಹೇಳುತ್ತಲೇ ಇರುತ್ತದೆ, ಸಂಜೆ ಏಳರ ಗಾಡಿಯಲ್ಲಿ ಹೆಂಗಸರು ಬಾಗಿಲ ಪಕ್ಕದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಲೇ ಇರುತ್ತಾರೆ. ನಿದ್ದೆ ಹೋದವರ ಕೊರಳು ಬರೆಯಲು ಕಷ್ಟ. ಎಚ್ಚರವಿರುವ ಕೊರಳು ತಲೆಯನ್ನು ಹೊರುತ್ತದೆ. ನಿದ್ದೆಯ ಕೊರಳು ತಲೆಯನ್ನು ನೇತುಹಾಕುತ್ತದೆ. ವಯಸ್ಕರ ತಲೆಯ ತೂಕ ನಾಲ್ಕೂವರೆ ಐದು ಕಿಲೋ. ಒಂದು ದೊಡ್ಡ ಕುಂಬಳಕಾಯಿಯನ್ನು ಕಡ್ಡಿಯ ತುದಿಯಲ್ಲಿಟ್ಟು ನೋಯ್ಡಾದಿಂದ ದ್ವಾರಕಾವರೆಗೆ ಒಯ್ಯುತ್ತಿದ್ದೇವೆ ಎಂದು ಯೋಚಿಸಿದರೆ ನಮ್ಮೆಲ್ಲರ ಕತ್ತುನೋವಿನ ಬಗ್ಗೆ ಕನಿಕರ ಹುಟ್ಟುತ್ತದೆ.

ಅಪರಿಚಿತರನ್ನು ಹೀಗೆ ನೋಡಬಹುದೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾನು ಮಾಡಿಕೊಂಡಿರುವ ನಿಯಮ ಒಂದೇ: ಮುಖ ಬರೆಯುವುದಿಲ್ಲ, ಕೇಳಿದರೆ ತೋರಿಸುತ್ತೇನೆ. ಒಮ್ಮೆ ಅಕ್ಷರಧಾಮ ದಾಟುವಾಗ ಎದುರಿಗಿದ್ದ ಹೆಂಗಸು ಕೈ ಚಾಚಿ ಪುಸ್ತಕ ಕೇಳಿದಳು. ಅವಳ ಬೆನ್ನು, ಮಡಿಲಲ್ಲಿನ ಟಿಫಿನ್ ಚೀಲ, ಚೀಲದ ಮೇಲೆ ಬಿದ್ದುಕೊಂಡಿದ್ದ ಎರಡು ಕೈ, ಇಷ್ಟೇ ಅದರಲ್ಲಿತ್ತು. ತುಂಬ ಹೊತ್ತು ನೋಡಿ, "ಥಕೀ ಹುಯೀ ಲಗ್ ರಹೀ ಹೂಂ" ಎಂದು ತನಗೆ ತಾನೇ ಹೇಳಿಕೊಂಡು, ಪುಸ್ತಕ ಹಿಂದಿರುಗಿಸಿ, ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಮಂಡಿ ಹೌಸ್‌ವರೆಗೆ ಹಾಗೇ ಕುಳಿತಿದ್ದಳು. ಆ ಎರಡನೆಯ ಭಂಗಿಯನ್ನು ನಾನು ಬರೆಯಲಿಲ್ಲ. ಅದು ನನಗಾಗಿ ಕುಳಿತದ್ದು, ಅವಳದ್ದಲ್ಲ.

ಭಂಗಿಯ ವಿಷಯದಲ್ಲಿ ನಮ್ಮ ಭಾಷೆ ಎಷ್ಟು ಶ್ರೀಮಂತ ಎಂಬುದು ಬರೆಯತೊಡಗಿದ ಮೇಲೆಯೇ ಗೊತ್ತಾದದ್ದು. ಕುಕ್ಕರಗಾಲು, ಚಕ್ಕಳಮಕ್ಕಳ, ತುದಿಗಾಲು, ಒಂಟಿಕಾಲು, ಮೊಣಕಾಲೂರುವುದು, ಕಾಲು ಚಾಚುವುದು, ತಲೆಯ ಮೇಲೆ ಕೈಹೊತ್ತು ಕೂರುವುದು, ಟೊಂಕದ ಮೇಲೆ ಕೈಯಿಟ್ಟು ನಿಲ್ಲುವುದು. ಪ್ರತಿಯೊಂದು ಪದವೂ ಒಂದು ಪೂರ್ತಿ ಚಿತ್ರ. ಹಿಂದಿಯವರಲ್ಲೂ ಉಕಡೂ ಇದೆ, ಪಾಲ್ಥಿ ಇದೆ. ಪರದೇಶದ ಪುಸ್ತಕಗಳಲ್ಲಿ ಮನುಷ್ಯರು ನಿಲ್ಲುತ್ತಾರೆ, ಓಡುತ್ತಾರೆ, ಕುರ್ಚಿಯಲ್ಲಿ ಕೂರುತ್ತಾರೆ, ಮಂಚದ ಮೇಲೆ ಒರಗುತ್ತಾರೆ. ಹಿಮ್ಮಡಿಯನ್ನು ನೆಲಕ್ಕೂರಿ ಕುಕ್ಕರಗಾಲಲ್ಲಿ ಕುಳಿತವರು ಅವುಗಳಲ್ಲಿ ಸಿಗುವುದು ಅಪರೂಪ. ದೆಹಲಿಯಲ್ಲಾದರೋ ಅದೇ ಮೂಲಭಂಗಿ. ಬೆಳಿಗ್ಗೆ ಎಂಟಕ್ಕೆ ಕೂಲಿಗೆ ಕರೆಯುವವರಿಗಾಗಿ ಚೌಕಗಳಲ್ಲಿ ಕಾಯುವ ಮೇಸ್ತ್ರಿಗಳು, ಬಣ್ಣದವರು, ಮುಂದಿಟ್ಟ ಚೀಲದಲ್ಲಿ ಉಪಕರಣ, ಎಲ್ಲರೂ ಹಾಗೇ. ತೊಡೆ ಮೀನಖಂಡಕ್ಕೆ ಅಂಟಿರುತ್ತದೆ, ಕಂಕುಳು ಮಂಡಿಯ ಮೇಲೆ ಕೂರುತ್ತದೆ, ಮುಂಗೈ ಮುಂದಕ್ಕೆ ಜೋತಿರುತ್ತದೆ. ಆ ಕೈಗಳು ಸೋಮಾರಿಗಳಲ್ಲ, ಹಿಂದೆ ಬೀಳದಂತೆ ತಕ್ಕಡಿಯ ಬಟ್ಟಿನ ಕೆಲಸ ಮಾಡುತ್ತಿರುತ್ತವೆ. ಇಡೀ ಮೈಯ ಭಾರ ಎರಡು ಪಾದಗಳ ಮೇಲೆ ಇಳಿದಿರುತ್ತದೆ, ಆದರೂ ಗಂಟೆಗಟ್ಟಲೆ ಕೂರಬಲ್ಲರು. ಹಿಮ್ಮಡಿ ಎದ್ದರೆ ಎಲ್ಲವೂ ಕೆಟ್ಟಿತು. ಶಹರದ ನನ್ನ ವಯಸ್ಸಿನವರಲ್ಲಿ ಅರ್ಧಕ್ಕರ್ಧ ಜನರಿಗೆ ಹಿಮ್ಮಡಿ ಏಳುತ್ತದೆ. ತರಗತಿಯಲ್ಲಿ ಒಮ್ಮೆ ಎಲ್ಲರಿಗೂ ಹಾಗೆ ಕೂರಲು ಹೇಳಿದಾಗ ಹದಿನೈದು ಜನರಲ್ಲಿ ಆರು ಮಂದಿ ಹಿಂದಕ್ಕೆ ಬಿದ್ದೆವು.

ನೆಲಕ್ಕೆ ಹತ್ತಿರದ ಈ ಬದುಕನ್ನು ಗಂಭೀರವಾಗಿ ನೋಡಿದ ಚಿತ್ರಕಾರರು ಯಾರೆಂದು ಹುಡುಕಿಕೊಂಡು ಇಂಡಿಯಾ ಗೇಟಿನ ಬಳಿಯ ಜೈಪುರ ಹೌಸಿಗೆ, ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿಗೆ ಹೋದೆ. ಅಮೃತಾ ಶೇರ್‌ಗಿಲ್ ಪ್ಯಾರಿಸ್ಸಿನ ಕಲಾಶಾಲೆಯಲ್ಲಿ ಜೀವಂತ ರೂಪದರ್ಶಿಗಳ ಮುಂದೆ ಕೈ ತಿದ್ದಿಕೊಂಡವಳು. 1934ರ ಕೊನೆಗೆ ಭಾರತಕ್ಕೆ ಮರಳಿ, ಅಜಂತಾ ನೋಡಿ, ದಕ್ಷಿಣವನ್ನೆಲ್ಲ ಸುತ್ತಿ, 1937ರಲ್ಲಿ ಬರೆದ ಚಿತ್ರಗಳಲ್ಲಿ ಬ್ರಹ್ಮಚಾರಿಗಳು ಕುಳಿತಿರುವುದನ್ನೂ ವಧುವಿನ ಶೃಂಗಾರದ ಹೆಂಗಸರು ಕುಳಿತಿರುವುದನ್ನೂ ನೋಡಬೇಕು. ಪ್ಯಾರಿಸ್ ಕಲಿಸಿದ ಸ್ನಾಯುಗಳನ್ನೆಲ್ಲ ಅವಳು ಬಿಟ್ಟುಕೊಟ್ಟಿದ್ದಾಳೆ. ತೂಕವನ್ನು ಮಾತ್ರ ಬಿಟ್ಟಿಲ್ಲ. ಹೊರಗಿನ ಹುಲ್ಲುಹಾಸಿನಲ್ಲಿ ದೇವಿಪ್ರಸಾದ ರಾಯ್‌ಚೌಧುರಿಯವರ 'ಶ್ರಮದ ವಿಜಯ' ಇದೆ, ಚೆನ್ನೈಯ ಮರೀನಾ ತೀರದಲ್ಲಿರುವುದರ ಪ್ರತಿ. ನಾಲ್ವರು ಒಂದು ಬಂಡೆಯನ್ನು ಅಲುಗಿಸುತ್ತಿದ್ದಾರೆ. ಅವರದೇ ಗ್ಯಾರಹ್ ಮೂರ್ತಿಯನ್ನು ಸರ್ದಾರ್ ಪಟೇಲ್ ಮಾರ್ಗದ ಕೊನೆಯಲ್ಲಿ ವಾಹನಗಳ ನಡುವೆ ನೋಡದವರಿಲ್ಲ: ಗಾಂಧೀಜಿ ಮುಂದೆ, ಹಿಂದೆ ಹತ್ತು ಜನ, ಒಬ್ಬೊಬ್ಬರೂ ಒಂದೊಂದು ಕೋನದಲ್ಲಿ ಮುಂದಕ್ಕೆ ವಾಲಿದವರು. ಆ ವಾಲುಗಳನ್ನು ಹೋಲಿಸಿ ನೋಡುವುದು ಒಳ್ಳೆಯ ಅಭ್ಯಾಸ. ಆದರೆ ನನ್ನ ಮನಸ್ಸಿಗೆ ಅವರ ಸ್ನಾಯುಗಳ ಸದ್ದು ಸ್ವಲ್ಪ ಹೆಚ್ಚು. ಮಾಂಸಖಂಡ ಉಬ್ಬಿದರೇನೇ ಶ್ರಮವೆಂದು ನಂಬಿದ ಕಾಲ ಅದು. ಚೌಕದಲ್ಲಿ ಕುಳಿತ ಬಣ್ಣದವನ ಮೈಯಲ್ಲಿ ಉಬ್ಬುವುದಕ್ಕೆ ಏನೂ ಇರುವುದಿಲ್ಲ.

ನಮ್ಮೂರಿಗೆ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ನೆನಪು ಇಲ್ಲಿ ಬರಲೇಬೇಕು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, ಪ್ಯಾರಿಸ್ಸಿನಲ್ಲೂ ಅಭ್ಯಾಸ ಮಾಡಿದ ಅವರು ಲಯವನ್ನು ತಿಳಿಯಬೇಕೆಂದು ಪಂಡಿತ ಸುಂದರ ಪ್ರಸಾದರಲ್ಲಿ ಕಥಕ್ ಕಲಿತರು. ಅವರ ರೇಖೆಗಳಲ್ಲಿ ಕುಣಿಯುವವರಿಗೆ ಮುಖವಿರುವುದಿಲ್ಲ, ಬೆರಳಿರುವುದಿಲ್ಲ, ಕೆಲವೊಮ್ಮೆ ಒಂದು ಕಾಲೇ ಇರುವುದಿಲ್ಲ. ಇದ್ದಷ್ಟು ಗೆರೆ ಮಾತ್ರ ನೆಲವನ್ನು ಒದ್ದು ಮೇಲೇಳುತ್ತದೆ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ವಜ್ರನೆಂಬ ರಾಜ ಪ್ರತಿಮೆ ಮಾಡುವುದನ್ನು ಕಲಿಸೆಂದು ಮಾರ್ಕಂಡೇಯನನ್ನು ಕೇಳುವ ಪ್ರಸಂಗವಿದೆ. ಚಿತ್ರ ತಿಳಿಯದೆ ಪ್ರತಿಮೆ ಬಾರದು, ನೃತ್ಯ ತಿಳಿಯದೆ ಚಿತ್ರ ಬಾರದು, ವಾದ್ಯ ತಿಳಿಯದೆ ನೃತ್ಯ ಬಾರದು, ಗೀತ ತಿಳಿಯದೆ ವಾದ್ಯ ಬಾರದು ಎಂದು ಋಷಿ ರಾಜನನ್ನು ಹಿಂದಕ್ಕೆ ಹಿಂದಕ್ಕೆ ಕಳಿಸುತ್ತಾನೆ. ಇದನ್ನು ನಾನು ಹಿಂದೆ ಪಂಡಿತರ ದೊಡ್ಡಸ್ತಿಕೆಯ ಮಾತೆಂದು ಓದಿದ್ದೆ. ಹೆಬ್ಬಾರರು ಕಾಲಿಗೆ ಗೆಜ್ಜೆ ಕಟ್ಟಿದರೆಂದು ತಿಳಿದ ಮೇಲೆ ಹಾಗೆ ಓದಲಾಗಲಿಲ್ಲ. ಭಂಗಿ ಹೊರಗಿನಿಂದ ಕಾಣುವ ಆಕಾರವಷ್ಟೇ ಅಲ್ಲ, ಒಳಗಿನಿಂದ ತಿಳಿಯುವ ಸಂಗತಿ. ಅಂದಿನಿಂದ ಬರೆಯುವುದಕ್ಕೆ ಮೊದಲು ಆ ಭಂಗಿಯಲ್ಲಿ ನಾನೇ ನಿಂತು ನೋಡುತ್ತೇನೆ. ಕಥಕ್ ಕಲಿಯುವ ವಯಸ್ಸಲ್ಲ. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಗಾರೆಕೆಲಸದವನಂತೆ ತಲೆಯ ಮೇಲೆ ಪುಸ್ತಕಗಳ ಹೊರೆ ಹೊತ್ತುಕೊಂಡು ನಡೆಯುವಷ್ಟು ಕಲೆ ಸಾಕು. ಹೊರೆ ಹೊತ್ತಾಗ ಕೊರಳಲ್ಲ, ಅಂಗಾಲು ಮೊದಲು ಮಾತಾಡುತ್ತದೆಂಬುದು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ.

ನನ್ನ ಮೈಯಿಂದ ತಿಳಿಯಲಾಗದ ಭಂಗಿಗಳು ಬಹಳ. ಅವುಗಳನ್ನು ಬಲ್ಲವರು ಮನೆಯಲ್ಲೇ ಇದ್ದರು.

ಅಮ್ಮನಿಗೆ ಎಪ್ಪತ್ತೆಂಟು. ಎರಡೂ ಮಂಡಿ ಸವೆದಿವೆ. ನೆಲಕ್ಕೆ ಕೂರಬೇಡಿ ಎಂದು ವೈದ್ಯರು ಹೇಳಿ ಐದು ವರ್ಷವಾಯಿತು. ಅವರ ಬದುಕೆಲ್ಲ ನಡೆದದ್ದು ನೆಲದ ಮಟ್ಟದಲ್ಲಿ, ಈಗ ಎಲ್ಲವೂ ಮೇಜಿನ ಮಟ್ಟಕ್ಕೆ ಎದ್ದುಬಿಟ್ಟಿದೆ: ಅಡುಗೆಯ ಕಟ್ಟೆ, ಊಟದ ಮೇಜು, ದೇವರ ಮುಂದಿನ ಪ್ಲಾಸ್ಟಿಕ್ ಕುರ್ಚಿ. ಒಂದು ಮಧ್ಯಾಹ್ನ ಅವರು ಮೆಟ್ಟುಕತ್ತಿಯ ಮುಂದೆ ಕೂರುತ್ತಿದ್ದುದನ್ನು ನೆನಪಿನಿಂದ ಬರೆಯುತ್ತಿದ್ದೆ. ಕಣ್ಣಿಗೆ ಕಟ್ಟಿದ ಹಾಗಿದ್ದ ದೃಶ್ಯ. ಒಂದು ಮಂಡಿ ಎತ್ತಿದ್ದು, ಸೆರಗು ಸಿಕ್ಕಿಸಿದ್ದು, ಎರಡು ಕೈಯಲ್ಲಿ ಸೌತೆಕಾಯಿ, ಎಲ್ಲ ಬಂತು. ಆದರೂ ಆಕೃತಿ ಗಾಳಿಯಲ್ಲಿ ತೇಲುತ್ತಿತ್ತು, ಐಹೊಳೆಯ ಗಂಧರ್ವರಂತೆ. ಕುರ್ಚಿಯಲ್ಲಿ ಕುಳಿತು ಇಣುಕಿದ ಅಮ್ಮ ಕೇಳಿದರು:

"ಹೀಗೆ ಕೂತ್ರೆ ಕತ್ತಿ ಹಾರ್ತದೆ ಮಾರಾಯ್ತಿ. ಕಾಲು ಎಲ್ಲಿಟ್ಟಿದ್ದೀ?"

"ಮುಂದೆ."

"ಮುಂದೆ ಅಲ್ಲ, ಮಣೆಯ ಮೇಲೆ. ಮೆಟ್ಟದಿದ್ರೆ ಅದು ಮೆಟ್ಟುಕತ್ತಿ ಹೇಗಾಗ್ತದೆ?"

ಹೆಸರಿನಲ್ಲೇ ಭಂಗಿ ಇತ್ತು. ಬಲಪಾದ ಮಣೆಯನ್ನು ಮೆಟ್ಟಿದ ಕೂಡಲೇ ತೊಡೆ ಒಳಕ್ಕೆ ತಿರುಗಿತು, ಸೊಂಟ ಬಲಕ್ಕೆ ವಾಲಿತು, ಎಡಮಂಡಿ ಏಕೆ ಎದ್ದಿದೆಯೆಂಬುದಕ್ಕೆ ಕಾರಣ ಸಿಕ್ಕಿತು, ಕೈಗಳು ಕತ್ತಿಯ ಕಡೆಗೆ ತಾವಾಗಿ ಹೋದವು. ನಮ್ಮ ಗುರುಗಳು ಆರು ವರ್ಷದಿಂದ ಕೇಳುತ್ತಿದ್ದುದನ್ನೇ ಅಮ್ಮ ಇನ್ನೊಂದು ಭಾಷೆಯಲ್ಲಿ ಕೇಳಿದ್ದರು.

ಅಂದಿನಿಂದ ಸಂಜೆಯ ಹೊತ್ತು ನಮ್ಮ ಕೆಲಸ ಹೀಗೆ ಸಾಗಿದೆ. ಅವರು ಇನ್ನು ಮಾಡಲಾರದ ಭಂಗಿಗಳನ್ನು ಕುರ್ಚಿಯಲ್ಲಿ ಕುಳಿತು ಹೇಳುತ್ತಾರೆ, ನಾನು ನೆಲದ ಮೇಲೆ ಮಾಡಿ ತೋರಿಸಿ ಒಪ್ಪಿಗೆ ಪಡೆದು ಬರೆಯುತ್ತೇನೆ. ಕಡೆಯುವ ಕಲ್ಲಿನ ಮುಂದೆ ಕೂರುವುದಕ್ಕೆ ಮೂರು ಸಂಜೆ ಹಿಡಿಯಿತು. ಗುಂಡು ತಿರುಗಿಸುವುದು ಕೈಯಲ್ಲ, ಸೊಂಟ. ಕೈ ಬರಿಯ ಹಗ್ಗ ಎಂದರು. ನೇಜಿ ನೆಡುವುದಕ್ಕೆ ಬಗ್ಗುವಾಗ ಮಂಡಿ ಮಡಚಬಾರದು, ಮಡಚಿದರೆ ಕೆಸರು ಕಾಲನ್ನು ಬಿಡುವುದಿಲ್ಲ. ಆದ್ದರಿಂದ ತೊಡೆಯ ಹಿಂಬದಿ ಹಗ್ಗದಂತೆ ಬಿಗಿದಿರಬೇಕು. ಹೇಳುವಾಗ ಅವರ ಪಾದಗಳು ಕುರ್ಚಿಯ ಕೆಳಗೆ ಕೆಸರಿನಲ್ಲಿದ್ದಂತೆ ಹಿಂದೆ ಹಿಂದೆ ಸರಿಯುವುದನ್ನು ನೋಡಿದ್ದೇನೆ. ಅಂಗರಚನೆಯ ಒಂದು ಶಬ್ದವೂ ಅವರಿಗೆ ಗೊತ್ತಿಲ್ಲ. ನನಗೆ ಗೊತ್ತಿರುವ ಶಬ್ದಗಳನ್ನು ಒಮ್ಮೆ ಹೇಳಿದಾಗ, ಇಷ್ಟೆಲ್ಲ ಹೆಸರಿಟ್ಟುಕೊಂಡು ಅದು ಎಷ್ಟು ನೋಯ್ತದೆ ಅಂತ ಯಾರಾದರೂ ಬರೆದಿದ್ದಾರಾ ಎಂದು ಕೇಳಿದರು.

ಈ ವಾರ ಬಾವಿಯಿಂದ ನೀರು ತರುವ ಚಿತ್ರ. ಬೇಲೂರಿನ ಮದನಿಕೆಯರನ್ನು ಮನಸ್ಸಿನಲ್ಲಿಟ್ಟುಕೊಂಡು ಸೊಗಸಾದ ತ್ರಿಭಂಗವನ್ನೇ ಬರೆದೆ: ಬಲಸೊಂಟದಲ್ಲಿ ಕೊಡಪಾನ, ಎಡಕ್ಕೆ ಬಾಗಿದ ಮೈ, ಎಡಗೈ ಗಾಳಿಯಲ್ಲಿ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ಚಂದ ಇದೆ ಎಂದರು. ಆಮೇಲೆ ನಿಧಾನವಾಗಿ, ನೀನು ಹೊಟ್ಟೆಯಲ್ಲಿದ್ದಾಗ ಏಳನೆಯ ತಿಂಗಳಿಂದ ಕೊಡ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ಸೊಂಟವೇ ಇರಲಿಲ್ಲವಲ್ಲ, ತಲೆಯ ಮೇಲೆ ತಂದೆ ಎಂದರು. ಬಾವಿಯಿಂದ ಮನೆಗೆ ನಲವತ್ತು ಮೆಟ್ಟಿಲು. ಹೆರಿಗೆಯ ಹಿಂದಿನ ದಿನವೂ ಎರಡು ಕೊಡ. ಐವತ್ತನಾಲ್ಕು ವರ್ಷಗಳಲ್ಲಿ ಈ ಮಾತನ್ನು ನಾನು ಮೊದಲ ಸಲ ಕೇಳುತ್ತಿದ್ದೆ. ಹೊಟ್ಟೆ ಮುಂದೆ ಬಂದಾಗ ಬೆನ್ನಿನ ಕೆಳಭಾಗ ಒಳಕ್ಕೆ ಬಾಗಿ ಹೆಗಲು ಹಿಂದೆ ಸರಿಯುತ್ತದೆ, ತಲೆಯ ಮೇಲೆ ಕೊಡವಿದ್ದರೆ ಹಾಗೆ ಸರಿಯಲು ಆಗುವುದಿಲ್ಲ. ಹಾಗಾದರೆ ಭಾರ ಎಲ್ಲಿ ಹೋಗುತ್ತಿತ್ತು ಎಂದು ಕೇಳಿದೆ. ಅಮ್ಮ ಬಗ್ಗಿ ಎರಡೂ ಹಿಮ್ಮಡಿಗಳನ್ನು ಮುಟ್ಟಿ ತೋರಿಸಲು ಹೋದರು, ಮಂಡಿ ಬಿಡಲಿಲ್ಲ, ಕೈ ಅರ್ಧದಲ್ಲಿ ನಿಂತಿತು.

ಆ ಚಿತ್ರವನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ, ಇನ್ನೂ ಮುಗಿದಿಲ್ಲ. ಮೊದಲಿನದರಲ್ಲ್ಲೂ ಒಂದು ತಿದ್ದುಪಡಿ ಇತ್ತು.

"ಕೊಡ ಎಡದ ಸೊಂಟಕ್ಕೆ ಹಾಕು. ಬಲಗೈ ಬಾಗಿಲಿಗೆ ಬೇಕಲ್ಲ."

ಚಿತ್ರದಲ್ಲಿ ಬಾಗಿಲೇ ಇರಲಿಲ್ಲ. ಮರುದಿನ ಸೇರಿಸಿದೆ.